ಎನ್‌ಐಸಿಯುನಲ್ಲಿರುವ (ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿರುವ) ಶಿಶುವನ್ನು ಸಂಶೋಧನೆಗೆ ಸೇರಿಸಲು ಒಪ್ಪಬಹುದೇ?

ಪ್ರಶ್ನೆ: ಸೋದರಮಾವ, ಜಗಳೂರು ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿದ್ದು, ಮಗುವಿನ ತೂಕ ಒಂದೂವರೆ ಕೆ.ಜಿ.ಗಿಂತ ಸ್ವಲ್ಪ ಹೆಚ್ಚಿದೆ. ಮಗು ಹಾಲು ಬಿಟ್ಟು ಮೈ ತಣ್ಣಗಾದಾಗ ದಾವಣಗೆರೆಯ ಆಸ್ಪತ್ರೆಯೊಂದಕ್ಕೆ ಸೇರಿಸಿದೆವು. ರಕ್ತಕ್ಕೆ ನಂಜು ಏರಿರಬಹುದೆಂದು ಚಿಕಿತ್ಸೆ ಆರಂಭಿಸಿದರು. ಈಗ ಚೇತರಿಸಿಕೊಳ್ಳುತ್ತಿದೆ, ರಕ್ತದ ಕಲ್ಚರ್‌ನಲ್ಲಿ ರೋಗಾಣು ಬೆಳೆದಿಲ್ಲ. ಇಂಥ ಮಕ್ಕಳಿಗೆ ಆ್ಯಂಟಿಬಯಾಟಿಕ್ ಚುಚ್ಚುಮದ್ದನ್ನು ಕಡಿಮೆ ದಿನ ಕೊಟ್ಟರೆ ಸಾಕೇ ಎಂಬ ಸಂಶೋಧನೆಗೆ ನಮ್ಮ ಒಪ್ಪಿಗೆ ಕೇಳಿದ್ದಾರೆ. ಯಾವ ಮಗುವಿಗೆ ಎಷ್ಟು ದಿನ ಎಂಬುದನ್ನು ಚೀಟಿ ಎತ್ತಿದಂತೆ ಕಂಪ್ಯೂಟರ್ ನಿರ್ಧರಿಸುತ್ತದೆಯಂತೆ. ತಂಗಿಯ ಅತ್ತೆ ‘ನಮ್ಮ ಕೂಸಿನ ಮೇಲೆ ಪ್ರಯೋಗ ಬೇಡ’ ಎನ್ನುತ್ತಿದ್ದಾರೆ. ವೈದ್ಯರಿಗೆ ಸರಿಯಾದ ಚಿಕಿತ್ಸೆ ಗೊತ್ತಿದ್ದರೆ ಚೀಟಿ ಏಕೆ? ಒಪ್ಪದಿದ್ದರೆ ಆರೈಕೆಯಲ್ಲಿ ವ್ಯತ್ಯಾಸವಾಗುವುದೇ? ಭಾವ ಊರಿನಲ್ಲಿಲ್ಲದ ಕಾರಣ ನಾನೇ ಸಹಿ ಹಾಕಬಹುದೇ?

ಉತ್ತರ: ನಿವೃತ್ತ ಮಕ್ಕಳ ವೈದ್ಯ, ಚಿತ್ರದುರ್ಗ

ಮಗು ಚೇತರಿಸಿಕೊಳ್ಳುತ್ತಿರುವುದು ಸಂತೋಷದ ಸಂಗತಿ. ಸರಿಯಾದ ಉತ್ತರ ಯಾರಿಗೂ ಖಚಿತವಾಗಿ ಗೊತ್ತಿಲ್ಲದಿರುವಾಗ ಮಾತ್ರ ಹೀಗೆ ವಿಂಗಡಿಸುವುದು ನ್ಯಾಯ. ಗೊತ್ತಿದ್ದೂ ವಿಂಗಡಿಸಿದರೆ ಅದು ಅಪರಾಧವೇ ಸರಿ.

ನಮ್ಮ ವೃತ್ತಿಯಲ್ಲಿ ಒಳ್ಳೆಯದೆಂದು ನಂಬಿ ಮಾಡಿದ್ದು ಮಕ್ಕಳಿಗೆ ಕೆಡುಕು ಮಾಡಿದ್ದುಂಟು. ತೀವ್ರ ಜ್ವರದಿಂದ ರಕ್ತಸಂಚಾರ ಕುಗ್ಗಿದ ಮಕ್ಕಳಿಗೆ ರಕ್ತನಾಳದ ಮೂಲಕ ಬೇಗಬೇಗ ದ್ರವ ಏರಿಸುವುದು ಪ್ರಶ್ನಾತೀತವೆಂದು ಭಾವಿಸಲಾಗಿತ್ತು. ಉಗಾಂಡಾ, ಕೀನ್ಯಾ ಮತ್ತು ತಾಂಜಾನಿಯಾದ 3,141 ಮಕ್ಕಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ‘ಫೀಸ್ಟ್’ ಅಧ್ಯಯನದಲ್ಲಿ, ಹಾಗೆ ದ್ರವ ಪಡೆದವರಲ್ಲಿ 48 ಗಂಟೆಗಳೊಳಗೆ ಸತ್ತವರು ಶೇ 10.5ರಷ್ಟಿದ್ದರೆ, ಪಡೆಯದವರಲ್ಲಿ ಶೇ 7.3ರಷ್ಟಿದ್ದರು. (ವಾಂತಿಭೇದಿಯ ಮಕ್ಕಳು ಆ ಅಧ್ಯಯನದಲ್ಲಿ ಇರಲಿಲ್ಲ, ಆದ್ದರಿಂದ ಭೇದಿಯಾದ ಮಗುವಿಗೆ ಡ್ರಿಪ್ ಬೇಡವೆಂದು ಯಾರೂ ತಿಳಿಯಬಾರದು.) ಹುಟ್ಟುವಾಗ ಉಸಿರುಕಟ್ಟಿ ಮಿದುಳಿಗೆ ಪೆಟ್ಟಾದ ಶಿಶುಗಳ ಮೈ ತಂಪಾಗಿಸುವ ಚಿಕಿತ್ಸೆ ಶ್ರೀಮಂತ ದೇಶಗಳಲ್ಲಿ ಫಲ ಕೊಟ್ಟಿತ್ತು. ಭಾರತ, ಶ್ರೀಲಂಕಾ ಮತ್ತು ಬಾಂಗ್ಲಾದೇಶದ 408 ಶಿಶುಗಳ ‘ಹೆಲಿಕ್ಸ್’ ಅಧ್ಯಯನದಲ್ಲಿ ತಂಪಾಗಿಸಿದವರಲ್ಲೇ ಹೆಚ್ಚು ಸಾವಾಯಿತು: ಶೇ 42, ಉಳಿದವರಲ್ಲಿ ಶೇ 31. ನಮ್ಮ ಮಕ್ಕಳಿಗೆ ಯಾವುದು ಹಿತವೆಂಬುದು ನಮ್ಮ ಮಕ್ಕಳಲ್ಲೇ ತಿಳಿಯಬೇಕಾಗುತ್ತದೆ ಎಂದು ನಾನು ದೃಢವಾಗಿ ನಂಬುವುದು ಇದಕ್ಕಾಗಿಯೇ.

ಆ್ಯಂಟಿಬಯಾಟಿಕ್ ಬೇಗ ನಿಲ್ಲಿಸಿದರೆ ನಂಜು ಮರುಕಳಿಸುವ ಭಯವಿದೆ. ಅನಗತ್ಯವಾಗಿ ಮುಂದುವರಿಸಿದರೆ ಔಷಧಕ್ಕೆ ಬಗ್ಗದ ರೋಗಾಣುಗಳು ಬಲಿಯುತ್ತವೆ. ದಿನ ತುಂಬದ ಶಿಶುಗಳಲ್ಲಿ ಕರುಳು ಕೊಳೆಯುವ ಕಾಯಿಲೆಗೂ ದೀರ್ಘ ಚಿಕಿತ್ಸೆಗೂ ನಂಟು ಕಂಡುಬಂದಿದೆ. ಎರಡೂ ಕಡೆ ಅಪಾಯವಿರುವುದರಿಂದ ಈ ಪ್ರಶ್ನೆ ಕೇಳುವಂಥದ್ದೇ. ಆದರೆ ತಮ್ಮ ಮಗುವನ್ನೇ ಸೇರಿಸಬೇಕೆಂದು ನಾನು ಹೇಳಲಾರೆ.

ಉತ್ತರ: ನೀತಿ ಸಮಿತಿಯ ಸದಸ್ಯೆ, ದಾವಣಗೆರೆ

ನಾನು ವೈದ್ಯಳಲ್ಲ. ನಿವೃತ್ತ ಶಿಕ್ಷಕಿಯಾಗಿ, ಒಂದು ಸಂಸ್ಥೆಯ ನೀತಿ ಸಮಿತಿಯಲ್ಲಿ (ಸಂಶೋಧನೆ ನ್ಯಾಯಯುತವೇ ಎಂದು ಪರಿಶೀಲಿಸುವ ಎಥಿಕ್ಸ್ ಕಮಿಟಿಯಲ್ಲಿ) ಜನಸಾಮಾನ್ಯರ ಪರವಾಗಿ ಕುಳಿತುಕೊಳ್ಳುತ್ತೇನೆ. ಇಂಥ ಸಮಿತಿಯಲ್ಲಿ ಕನಿಷ್ಠ 7 ಸದಸ್ಯರಿದ್ದು, ಅಧ್ಯಕ್ಷರು ಆ ಸಂಸ್ಥೆಯ ಹೊರಗಿನವರಾಗಿರಬೇಕು.

ಮೊದಲಿಗೆ ಸಹಿಯ ವಿಷಯ. ಒಪ್ಪಿಗೆ ಕೊಡಬೇಕಾದವರು ಹೆತ್ತವರು. ಸೋದರಮಾವನಾಗಿ ತಾವು ಧೈರ್ಯ ಹೇಳಬಹುದು, ಆದರೆ ಅವರ ಪರವಾಗಿ ಸಹಿ ಹಾಕಲಾಗದು. ತಂಗಿ ಬಾಣಂತಿಯೆಂದು ಅವಳನ್ನು ಬಿಟ್ಟು ಗಂಡಸರೇ ತೀರ್ಮಾನಿಸುವುದನ್ನು ನಾನು ಕಂಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಮಾಹಿತಿ ಪತ್ರವನ್ನು ಕನ್ನಡದಲ್ಲಿ ಕೇಳಿ, ಅವಳಿಗೆ ಓದಿಹೇಳಿ, ಅದರ ಒಂದು ಪ್ರತಿಯನ್ನು ಮನೆಯಲ್ಲಿಟ್ಟುಕೊಳ್ಳಿ. ಭಾರತದ ಕ್ಲಿನಿಕಲ್ ಪ್ರಯೋಗಗಳ ದಾಖಲಾತಿ, ಅಂದರೆ ಸಿಟಿಆರ್‌ಐ, ಸಾರ್ವಜನಿಕರಿಗೆ ತೆರೆದಿದೆ. ಅಲ್ಲಿನ ನೋಂದಣಿ ಸಂಖ್ಯೆ ಕೇಳಿ ಪಡೆದರೆ ಅಧ್ಯಯನದ ವಿವರವನ್ನು ತಾವೇ ನೋಡಬಹುದು. ತೊಂದರೆಯಾದರೆ ಚಿಕಿತ್ಸೆಯ ವೆಚ್ಚ ಮತ್ತು ಪರಿಹಾರ ಯಾರದ್ದೆಂಬುದು ಬರಹದಲ್ಲಿರಬೇಕು. ಒಪ್ಪದಿದ್ದರೂ ಆಸ್ಪತ್ರೆಯ ವಾಡಿಕೆಯ ಚಿಕಿತ್ಸೆ ಮಗುವಿಗೆ ಸಿಗಲೇಬೇಕು. ಒಪ್ಪಿದ ಮೇಲೂ, ಕಾರಣ ಹೇಳದೆ ಹಿಂದೆ ಸರಿಯಬಹುದು.

ಉತ್ತರ: ಇಬ್ಬರು ಮಕ್ಕಳ ತಾಯಿ, ಹರಿಹರ

ನನ್ನ ಎರಡನೆಯ ಮಗು ಒಂದು ಅಧ್ಯಯನದಲ್ಲಿತ್ತು. ನಮಗೆ ಕಷ್ಟವಾದದ್ದು ಬಿಡುಗಡೆಯಾದ ಮೇಲಿನ ತಪಾಸಣೆಗಳು. ಹರಿಹರದಿಂದ ಬರುವುದೇ ತ್ರಾಸವಾಗುತ್ತಿತ್ತು. ಜಗಳೂರಿನಿಂದ ಎಳೆಗೂಸನ್ನು ಬಸ್ಸಿನಲ್ಲಿ ಎಷ್ಟು ಸಲ ಕರೆತರಬೇಕು, ಓಡಾಟದ ಖರ್ಚು ಕೊಡುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಸೋದರಮಾವ, ಜಗಳೂರು ತಾಲ್ಲೂಕು

ತಮ್ಮೆಲ್ಲರಿಗೂ ಕೃತಜ್ಞತೆಗಳು. ಭಾವ ನಾಳೆ ಬರುತ್ತಾರೆ. ಅವರೂ ತಂಗಿಯೂ ವೈದ್ಯರೊಂದಿಗೆ ಕುಳಿತು ಮಾತನಾಡಲಿದ್ದಾರೆ. ಡಾಕ್ಟರೇ, ಮನೆಗೆ ಹೋದ ಮೇಲೆ ನಂಜು ಮರುಕಳಿಸಿದರೆ ನಮಗೆ ತಿಳಿಯುವುದು ಹೇಗೆ?

ನಿವೃತ್ತ ಮಕ್ಕಳ ವೈದ್ಯ, ಚಿತ್ರದುರ್ಗ

ಮಗು ಮೊಲೆ ಚೀಪದಿದ್ದರೆ, ಮೈ ಸುಟ್ಟರೆ ಅಥವಾ ತಣ್ಣಗಾದರೆ, ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಸಲ ಉಸಿರಾಡಿದರೆ, ಉಸಿರೆಳೆಯುವಾಗ ಎದೆಯ ಕೆಳಭಾಗ ಒಳಸೇದಿದರೆ, ಫಿಟ್ಸ್ ಬಂದರೆ, ಮುಟ್ಟಿ ಎಬ್ಬಿಸಿದಾಗ ಮಾತ್ರ ಕೈಕಾಲು ಆಡಿಸಿದರೆ ಕಾಯಬೇಡಿ. ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಆ್ಯಂಟಿಬಯಾಟಿಕ್‌ನ ಮೊದಲ ಚುಚ್ಚುಮದ್ದು ಸಿಗುವುದಾದರೆ ಹಾಕಿಸಿಕೊಂಡೇ ದಾವಣಗೆರೆಗೆ ಹೊರಡಿ. ದಾರಿಯುದ್ದಕ್ಕೂ ಮಗು ತಾಯಿಯ ಎದೆಗೆ ಚರ್ಮ ತಾಗುವಂತೆ ಅಪ್ಪಿಕೊಂಡಿರಲಿ.