ಐದು ತಿಂಗಳ ಲ್ಯಾಬ್ರಡಾರ್ (ಲ್ಯಾಬ್) ನಾಯಿ, ಎಸೆದದ್ದನ್ನ ತಂದುಕೊಡಲ್ಲ. ಹಕ್ಕಿ ಹೆಕ್ಕೋ ನಾಯಿಯ ತರಬೇತಿ ಹೇಗೆ?

ಯಲಹಂಕ_ಲ್ಯಾಬ್:
ನಮ್ಮ ಗಂಡು ಲ್ಯಾಬ್‌ಗೆ ಈಗ ಐದು ತಿಂಗಳು. ಏನೇ ಎಸೆದ್ರೂ ಓಡಿಹೋಗಿ ಕಚ್ಕೊಳ್ಳತ್ತೆ, ಆದ್ರೆ ತಂದುಕೊಡಲ್ಲ. ದೂರ ಕೂತು ಅಗಿಯತ್ತೆ, ಹತ್ರ ಹೋದ್ರೆ ಪರಾರಿ. ಬಿದ್ದ ಹಕ್ಕಿ ಹೆಕ್ಕಿ ತರೋ ನಾಯಿಗಳಿಗೆ ಕೊಡೋ ತರಬೇತಿನೇ ಕೊಡ್ಬೇಕು ಅಂತ ಆಸೆ. ಹೆಸರಘಟ್ಟ ಹುಲ್ಲುಗಾವಲಿಗೆ ಕರ್ಕೊಂಡು ಹೋಗಿ ಗೌಜಲಕ್ಕಿ ಮೇಲೆ ಬಿಡಬಹುದಾ?

ಸೀಟಿ_ಸಾಕು:
ಬೇಡ ಸರ್. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದ್ರೆ ಕೊಲ್ಲೋದಷ್ಟೇ ಅಲ್ಲ. ಅಟ್ಟೋದು, ಹಿಡಿಯೋದು, ಅದಕ್ಕೆ ಪ್ರಯತ್ನಪಡೋದೂ ಸೇರತ್ತೆ. ಅಲ್ಲಿ ನೆಲದಲ್ಲೇ ಗೂಡು ಕಟ್ಟೋ ಹಕ್ಕಿಗಳೂ ಇವೆ. ತರಬೇತಿಗೂ ಅದರಿಂದ ನಷ್ಟವೇ: ಬೆನ್ನಟ್ಟೋ ರುಚಿ ಒಮ್ಮೆ ಹತ್ತಿದ್ರೆ ಸೀಟಿಗೆ ಕಿವಿನೇ ಕೊಡಲ್ಲ. ಕ್ಯಾನ್ವಾಸ್ ಡಮ್ಮಿ (ಹಕ್ಕಿ ಬದಲು ಎಸೆದು ತರಿಸೋ ದಿಂಡು) ತಗೊಳ್ಳಿ, ಮರಿಗೆ 250 ಗ್ರಾಂದು, ಬೆಳೆದ ಮೇಲೆ 500 ಗ್ರಾಂದು. ವಾಸನೆ ಬೇಕಿದ್ರೆ ಸಾಕಿದ ಬಾತುಕೋಳಿಯ ಒಣಗರಿ ದಾರದಲ್ಲಿ ಬಿಗಿಯಾಗಿ ಕಟ್ಟಿ. ಆದ್ರೆ ಅದು ಆಮೇಲಿನ ಮಾತು.

ಪ್ಯಾಸೇಜ್_ಮೇಷ್ಟ್ರು:
ಮೊದಲು ಬಾಯಿ ನೋಡಿ. ಈ ವಯಸ್ಸಲ್ಲಿ ಹಾಲುಹಲ್ಲು ಉದುರ್ತಿರತ್ತೆ. ವಸಡಲ್ಲಿ ರಕ್ತ ಇದ್ರೆ ಎಸೆಯೋ ಆಟ ಒಂದೆರಡು ವಾರ ನಿಲ್ಲಿಸಿ; ನೋವಲ್ಲಿ ಒತ್ತಾಯ ಮಾಡಿದ್ರೆ ಡಮ್ಮಿ ಕಂಡ್ರೇ ಮುಖ ತಿರುಗಿಸತ್ತೆ. ಆಮೇಲೆ ಮನೆ ಪ್ಯಾಸೇಜಲ್ಲಿ ಶುರು ಮಾಡಿ. ರೂಮ್ ಬಾಗಿಲೆಲ್ಲ ಹಾಕಿ, ಅದು ಮಲಗೋ ಚಾಪೆ ನಿಮ್ಮ ಬೆನ್ನ ಹಿಂದೆ ಇರಲಿ. ಚಾಪೆಗೆ ಹೋಗೋಕೆ ನಿಮ್ಮನ್ನ ದಾಟ್ಲೇಬೇಕು. ಉಂಡೆ ಕಟ್ಟಿದ ಸಾಕ್ಸ್ 3-4 ಮೀಟರ್ ಎಸೀರಿ. (ಲ್ಯಾಬ್‌ಗಳು ಸಾಕ್ಸ್ ನುಂಗೋದ್ರಲ್ಲಿ ಎತ್ತಿದ ಕೈ, ಮುಗಿದ ಮೇಲೆ ಎತ್ತಿಡಿ.) ತಂದಾಗ ಸಾಕ್ಸ್‌ಗೆ ಕೈ ಹಾಕ್ಬೇಡಿ. ಎದೆ ಸವರಿ, ಅರ್ಧ ನಿಮಿಷ ಬಾಯಲ್ಲೇ ಇರಲಿ, ಆಮೇಲೆ ಗದ್ದದ ಕೆಳಗೆ ಅಂಗೈ ಒಡ್ಡಿ ‘ಕೊಡು’ ಅನ್ನಿ. ಬಂದ ಕೂಡಲೇ ಕಿತ್ಕೊಂಡ್ರೆ ಮುಂದಿನ ಸಲ ದೂರದಲ್ಲೇ ನಿಲ್ಲತ್ತೆ. ನಿಮ್ಮಲ್ಲಿ ಆಗಿರೋದು ಬಹುಶಃ ಇದೇ. ದಿನಕ್ಕೆ ಮೂರೇ ಎಸೆತ. ಹಗ್ಗ ಎಳೆದಾಟ ಪೂರ್ತಿ ಬಂದ್, ಅದರಿಂದ ಹಲ್ಲೂರಿ ಹಿಡಿಯೋ ಚಾಳಿ ಬರಬಹುದು ಅಂತಾರೆ.

ಯಲಹಂಕ_ಲ್ಯಾಬ್:
ಥ್ಯಾಂಕ್ಸ್ ಸರ್. ತಂದಾಗ ಬಿಸ್ಕೆಟ್ ಕೊಡ್ಲಾ? ಪಕ್ಕದ ಖಾಲಿ ಸೈಟಿಗೆ ಯಾವಾಗ ಇಳಿಸಬಹುದು?

ಸೀಟಿ_ಸಾಕು:
ಬಿಸ್ಕೆಟ್ ತೋರಿಸ್ಬೇಡಿ, ಅದರ ವಾಸನೆಗೆ ಡಮ್ಮಿನ ನಾಲ್ಕಡಿ ದೂರದಲ್ಲೇ ಉಗುಳತ್ತೆ. ಪ್ಯಾಸೇಜಲ್ಲಿ ತಪ್ಪದೆ ತರೋ ಹಾಗಾದ ಮೇಲೆ ಸೈಟ್, ಅದೂ ಬಿಸಿಲೇರೋ ಮೊದಲು. 10 ಮೀಟರ್ ಹಗುರ ಹಗ್ಗ ಕಟ್ಟಿ. ತುದಿಯಲ್ಲಿ ಗಂಟೂ ಬೇಡ, ಕುಣಿಕೆಯೂ ಬೇಡ, ಪಾರ್ಥೇನಿಯಂ ಗಿಡಕ್ಕೆ ಸಿಕ್ಕಿ ಕತ್ತು ಜಗ್ಗತ್ತೆ. ಡಮ್ಮಿ ಕಚ್ಕೊಂಡು ಓಡಿದ್ರೆ ನೀವು ಅಟ್ಟಿಸ್ಕೊಂಡು ಹೋಗ್ಬೇಡಿ, ಉಲ್ಟಾ ದಿಕ್ಕಿಗೆ ಓಡಿ. ಸೀಟಿ ಒಂದೇ ಉದ್ದ ಊದಿದ್ರೆ ಕೂರೋದು, ಬಿಟ್ಟುಬಿಟ್ಟು ಚಿಕ್ಕದಾಗಿ ಊದಿದ್ರೆ ವಾಪಸ್ ಬರೋದು. ಇವೆರಡನ್ನೂ ಊಟದ ಬಟ್ಟಲ ಮುಂದೆ ಈಗ್ಲೇ ಶುರು ಮಾಡ್ಬಹುದು. ಸೈಟಿಂದ ಬಂದ ಮೇಲೆ ಕಿವಿ ಒಳಗೆ, ಬೆರಳ ಸಂದಿಯಲ್ಲಿ ಉಣ್ಣೆಹುಳ ಹುಡುಕಿ. ಬೆಂಗಳೂರಲ್ಲಿ ಅದು ಕಚ್ಚಿ ಬರೋ ಟಿಕ್ ಫೀವರ್ ಕಾಟ ಜಾಸ್ತಿ.