ರೇಡ್ 5 ಮೇಲಿರೋ ಪ್ರಾಕ್ಸ್‌ಮಾಕ್ಸ್ ಸರ್ವರ್‌ಗೆ ಜಾಗ ಸಾಲ್ತಿಲ್ಲ, ಡಿಸ್ಕ್ ಸೇರಿಸೋದಾ, ಬದಲಾಯಿಸೋದಾ?

ಡಿಸ್ಕ್‌ಫುಲ್:

ನಮಸ್ಕಾರ ಎಲ್ರಿಗೂ. ಆಫೀಸಲ್ಲಿ 8 ಬೇ (ಡಿಸ್ಕ್ ಹಾಕೋ ಗೂಡು) ಇರೋ ಒಂದು ಸರ್ವರ್ ಇದೆ, ಅದರಲ್ಲಿ 4 ಬೇಗೆ 2 ಟಿಬಿ ಸಾಟಾ ಡಿಸ್ಕ್ ಹಾಕಿ ಹಾರ್ಡ್‌ವೇರ್ ಕಾರ್ಡಲ್ಲೇ ರೇಡ್ 5 (ಡಿಸ್ಕ್‌ಗಳನ್ನ ಒಂದಾಗಿ ಸೇರಿಸಿ, ಒಂದು ಕೆಟ್ರೂ ಡೇಟಾ ಉಳಿಯೋ ವ್ಯವಸ್ಥೆ) ಮಾಡಿದಾರೆ, ಮೆಗಾರೇಡ್ ಚಿಪ್, ಬ್ಯಾಟರಿನೂ ಇದೆ. ಮಾಡಿದೋರು ಕೆಲಸ ಬಿಟ್ಟು ಹೋಗಿ ಈಗ ನನ್ನ ತಲೆಗೆ ಬಂದಿದೆ. ಮೇಲೆ ಪ್ರಾಕ್ಸ್‌ಮಾಕ್ಸ್ (ವರ್ಚುವಲ್ ಮಷಿನ್, ಅಂದ್ರೆ ವಿಎಂ ಓಡಿಸೋ ಸಾಫ್ಟ್‌ವೇರ್), ಡೀಫಾಲ್ಟ್ ಇನ್‌ಸ್ಟಾಲ್, ಅಂದ್ರೆ ಎಲ್‌ವಿಎಂ ಥಿನ್ ಪೂಲ್ (ವಿಎಂ ಬರೆದಷ್ಟೇ ಜಾಗ ಕೊಡೋ ಡಿಸ್ಕ್ ಪೂಲ್). ಲೆಕ್ಕಕ್ಕೆ 6 ಟಿಬಿ, ಸಿಸ್ಟಂ ತೋರಿಸೋದು 5.46, ಅದರಲ್ಲಿ ಪೂಲ್ 91% ತುಂಬಿದೆ ಅಂತ ಕೆಂಪಗೆ ತೋರಿಸ್ತಾ ಇದೆ.

ವಿಎಂಗಳು ಹದಿನೈದರ ಹತ್ತಿರ ಇವೆ, ವಿಂಡೋಸ್ ಲಿನಕ್ಸ್ ಎರಡೂ, ಜೊತೆಗೆ ಕೆಲವು ಎಲ್‌ಎಕ್ಸ್‌ಸಿ ಕಂಟೈನರ್ (ಹಗುರ ವಿಎಂ ಥರದ್ದು). ರಾತ್ರಿ ಸ್ವಲ್ಪ ಹೊತ್ತು ಆಫ್ ಮಾಡ್ಬೋದು, ಇಡೀ ದಿನ ಅಂದ್ರೆ ಯಾರೂ ಒಪ್ಪಲ್ಲ. ನನ್ನ ತಲೇಲಿರೋದು ಎರಡು ದಾರಿ. ಒಂದು, ಖಾಲಿ ಬೇಗೆ ಇನ್ನೆರಡು 2 ಟಿಬಿ ಹಾಕಿ ಇರೋ ರೇಡ್ 5 ನೇ ದೊಡ್ಡದು ಮಾಡೋದು. ಇನ್ನೊಂದು, ಒಂದೊಂದೇ ಡಿಸ್ಕ್ ಕಿತ್ತು 8 ಟಿಬಿ ಹಾಕಿ ರೀಬಿಲ್ಡ್ (ಹೊಸ ಡಿಸ್ಕ್‌ಗೆ ಡೇಟಾ ಮತ್ತೆ ತುಂಬೋದು) ಆಗೋವರೆಗೂ ಕಾದು ಮುಂದಿನದು, ಹೀಗೆ ನಾಲ್ಕೂ ಮುಗಿಸಿದ್ರೆ 24 ಟಿಬಿ ಸಿಗುತ್ತೆ ಅಲ್ವಾ. ಎರಡನೇದೇ ಸರಿ ಅನ್ನಿಸ್ತಿದೆ ಯಾಕಂದ್ರೆ ಏನೂ ನಿಲ್ಸೋ ಹಾಗಿಲ್ಲ. ಮಾಡಿರೋರು ಯಾರಾದ್ರೂ ಇದ್ರೆ ಹೇಳಿ ಪ್ಲೀಸ್.

ಥಿನ್‌ಪೂಲ್ ತಿಮ್ಮ:

ಡಿಸ್ಕ್ ಆರ್ಡರ್ ಮಾಡೋಕೆ ಮುಂಚೆ ಒಂದು ಕೆಲಸ ಮಾಡಿ, ಆ 91% ನಿಜವಾಗ್ಲೂ ಡೇಟಾನಾ ಅಂತ ನೋಡಿ. ಥಿನ್ ಪೂಲಲ್ಲಿ ಏನಾಗುತ್ತೆ ಅಂದ್ರೆ, ವಿಎಂ ಒಳಗೆ ನೀವು 200 ಜಿಬಿ ಫೈಲ್ ಡಿಲೀಟ್ ಮಾಡಿದ್ರೂ ಆ ವಿಷಯ ಕೆಳಗಿರೋ ಪೂಲ್‌ಗೆ ಗೊತ್ತೇ ಆಗಲ್ಲ, ಒಂದ್ಸಲ ಬರೆದ ಬ್ಲಾಕ್ ಬರೆದಿದ್ದೇ. ವಿಎಂ ಡಿಸ್ಕ್ ಸೆಟ್ಟಿಂಗಲ್ಲಿ ಡಿಸ್ಕಾರ್ಡ್ (ಅಳಿಸಿದ ಜಾಗನ ಪೂಲ್‌ಗೆ ತಿಳಿಸೋ ಆಪ್ಷನ್) ಟಿಕ್ ಹಾಕಿರ್ಬೇಕು, ಕಂಟ್ರೋಲರ್ ವರ್ಟ್‌ಐಒ ಸ್ಕಸಿ ಇದ್ರೆ ಒಳ್ಳೇದು, ಆಮೇಲೆ ಲಿನಕ್ಸ್ ಒಳಗೆ ಎಫ್‌ಎಸ್‌ಟ್ರಿಮ್ ಓಡಿಸ್ಬೇಕು, ವಿಂಡೋಸಲ್ಲಾದ್ರೆ ಆಪ್ಟಿಮೈಜ್ ಡ್ರೈವ್ಸ್. ಟಿಕ್ ಹಾಕಿದ್ಮೇಲೆ ವಿಎಂನ ಪೂರ್ತಿ ಆಫ್ ಮಾಡಿ ಆನ್ ಮಾಡಿ, ಒಳಗಿಂದ ರೀಬೂಟ್ ಕೊಟ್ರೆ ಸಾಲಲ್ಲ.

ಹಳೇ ಸ್ನ್ಯಾಪ್‌ಶಾಟ್ (ಡಿಸ್ಕ್‌ನ ಆ ಹೊತ್ತಿನ ಸ್ಥಿತಿ ಹಿಡಿದಿಟ್ಟಿದ್ದು) ಏನಾದ್ರೂ ಇದ್ರೆ ಅದನ್ನೂ ನೋಡಿ. "ಅಪ್‌ಡೇಟ್‌ಗೆ ಮುಂಚೆ" ಅಂತ ಹೆಸರಿಟ್ಟು ಮರೆತಿರೋ ಸ್ನ್ಯಾಪ್‌ಶಾಟ್ ಇಲ್ಲದ ಸರ್ವರ್ ನಾನಂತೂ ನೋಡಿಲ್ಲ. ಸ್ನ್ಯಾಪ್‌ಶಾಟ್ ಇರೋವರೆಗೂ ಟ್ರಿಮ್ ಮಾಡಿದ್ರೂ ಆ ಹಳೇ ಬ್ಲಾಕ್ ವಾಪಸ್ ಬರಲ್ಲ.

ಇನ್ನೊಂದು ಮುಖ್ಯ. ಎಲ್‌ವಿಎಸ್ ಕಮಾಂಡ್ ಕೊಟ್ಟಾಗ ಡೇಟಾ ಪಕ್ಕದಲ್ಲೇ ಮೆಟಾ (ಯಾವ ಬ್ಲಾಕ್ ಎಲ್ಲಿದೆ ಅನ್ನೋ ಲೆಕ್ಕ, ಮೆಟಾಡೇಟಾ) ಅಂತ ಇನ್ನೊಂದು ಪರ್ಸೆಂಟ್ ಬರುತ್ತೆ, ಎಷ್ಟೋ ಜನ ಅದನ್ನ ನೋಡೋದೇ ಇಲ್ಲ. ಡೇಟಾ 100 ಆದ್ರೆ ಬರೆಯೋಕೆ ಹೋದ ವಿಎಂಗಳೆಲ್ಲಾ ಐಒ ಎರರ್ ಬಂದು ನಿಲ್ತವೆ, ಮೆಟಾಡೇಟಾ 100 ಆದ್ರೆ ಅದಕ್ಕಿಂತ ಕೆಟ್ಟದು, ಪೂಲ್ ರಿಪೇರಿ ಮಾಡ್ಕೊಂಡು ಕೂರ್ಬೇಕಾಗುತ್ತೆ.

ಗಣಕ ಗೌಡ್ರು:

ಒಂದೊಂದೇ ಕಿತ್ತು ಹಾಕೋ ಪ್ಲಾನ್ ಕೈಬಿಡ್ರಿ. ಕೇಳೋಕೆ ಸುಲಭ ಐತಿ, ಆದ್ರ ಏನಾಗ್ತದ ನೋಡ್ರಿ. ರೇಡ್ 5 ಅಂದ್ರ ಒಂದ ಡಿಸ್ಕ್ ಹೋದ್ರ ತಡಕೋತದ, ಅಷ್ಟ. ನೀವು ಬೇಕಂತ್ಲೇ ಒಂದು ಕಿತ್ತಿದ್ರಿ ಅಂದ್ರ ಆ ತಡಕೊಳ್ಳೋ ಶಕ್ತಿ ಅಲ್ಲಿಗೆ ಮುಗೀತು, ರೀಬಿಲ್ಡ್ ಆಗೋತನಕ ಉಳಿದ ಮೂರರಾಗ ಒಂದಕ್ಕ ಏನಾದ್ರೂ ಆದ್ರ ಇಡೀ ಅರೇ (ಡಿಸ್ಕ್ ಗುಂಪು) ಹೋಯ್ತು. ಮ್ಯಾಲೆ ಆ ರೀಬಿಲ್ಡ್‌ಗೆ ಉಳಿದ ಮೂರೂ ಡಿಸ್ಕ್ ಮೊದಲಿಂದ ಕೊನೀತನಕ ಓದಬೇಕು, ವರ್ಷಗಟ್ಟಲೆ ಓದದ ಇದ್ದ ಸೆಕ್ಟರ್ ಸೈತ. ನಾಲ್ಕೂ ಒಂದೇ ಸಲ ಕೊಂಡಿದ್ದ ಇರ್ತಾವ, ಒಂದೇ ವಯಸ್ಸು, ಒಂದೇ ಸವೆತ. ಹಿಂಗ ನಾಲ್ಕು ಸಲ ಮಾಡಬೇಕು. ಕೂತ ಕುರ್ಚೀದ ಕಾಲ ಒಂದೊಂದಾಗಿ ಬದಲಿ ಮಾಡಿದಂಗ, ಅದೂ ಮ್ಯಾಲೆ ಕೂತಕೊಂಡ.

ಲೆಕ್ಕ ಬೇಕಂದ್ರ, ಸಾದಾ ಸಾಟಾ ಡಿಸ್ಕಿನ ಡೇಟಾಶೀಟ್‌ನಾಗ 10ರ ಘಾತ 14 ಬಿಟ್ ಓದಿದ್ರ ಒಂದು ಓದಲಾಗದ ಎರರ್ ಬರಬಹುದು ಅಂತ ಬರದಿರ್ತಾರ, ಅಂದ್ರ 12.5 ಟಿಬಿ. ಎಂಟರ್‌ಪ್ರೈಸ್ ಡಿಸ್ಕಿಗೆ ಘಾತ 15, ಅಂದ್ರ ಹತ್ತು ಪಟ್ಟು ವಾಸಿ. ನಿಮ್ಮ ಈಗಿನ ಅರೇದಾಗ ಒಂದು ರೀಬಿಲ್ಡ್‌ಗೆ 6 ಟಿಬಿ ಓದಬೇಕು. ಅದು ತಯಾರಕರು ಕೊಡೋ ಗರಿಷ್ಠ ಮಿತಿ, ನಿಜವಾಗಿ ಡಿಸ್ಕ್‌ಗಳು ಅದಕ್ಕಿಂತ ಬಾಳ ಚಲೋ ನಡೀತಾವ ಖರೆ, ಆದ್ರ 8 ಟಿಬಿ ಡಿಸ್ಕ್ ಹಾಕಿದ ಮ್ಯಾಲೆ ಮುಂದ ಯಾವಾಗರ ಒಂದು ಕೆಟ್ರ 24 ಟಿಬಿ ಓದಬೇಕಾಗ್ತದ. ಅಷ್ಟು ದೊಡ್ಡ ಡಿಸ್ಕಿಗೆ ರೇಡ್ 5 ಈಗ ಯಾರೂ ಹೇಳಂಗಿಲ್ಲ.

ನಿಮ್ಮ ಹತ್ರ 4 ಬೇ ಖಾಲಿ ಅದಾವಲ್ಲ, ಅದ ದೊಡ್ಡ ಪುಣ್ಯ. ಹಳೇದನ್ನ ಮುಟ್ಟಲೇಬ್ಯಾಡ್ರಿ. ನಾಲ್ಕು 8 ಟಿಬಿ ಹೊಸ ಡಿಸ್ಕ್ ಹಾಕಿ ಬ್ಯಾರೆ ರೇಡ್ 10 (ಎರಡೆರಡು ಡಿಸ್ಕಿನಾಗ ಒಂದ ಡೇಟಾ ಇಡೋದು) ಮಾಡ್ರಿ, 16 ಟಿಬಿ ಸಿಗ್ತದ. ವಿಎಂ ಕೆಲಸಕ್ಕ ರೇಡ್ 10 ಬರೇ ಸೇಫ್ ಅಂತಲ್ಲ, ವೇಗಾನೂ ಹೌದು. ರೇಡ್ 5ದಾಗ ಒಂದು ಸಣ್ಣ ರೈಟ್‌ಗೆ ಹಳೇ ಡೇಟಾ ಓದಿ, ಹಳೇ ಪ್ಯಾರಿಟಿ (ಹೋದ ಡೇಟಾ ತಿರುಗಿ ಲೆಕ್ಕ ಹಾಕೋ ಮಾಹಿತಿ) ಓದಿ, ಎರಡನ್ನೂ ತಿರುಗಿ ಬರೀಬೇಕು, ನಾಲ್ಕು ಸಲ ಡಿಸ್ಕ್ ಮುಟ್ಟಿದಂಗ. ರೇಡ್ 10ದಾಗ ಎರಡ. ಹದಿನೈದು ವಿಎಂ ಒಮ್ಮೆಲೆ ಬರೆಯೋವಾಗ ಆ ಫರಕ್ ನಿಮಗ ಕಣ್ಣಿಗೆ ಕಾಣ್ತದ.

ಆಮೇಲೆ ಹೊಸ ಅರೇ ಮ್ಯಾಲೆ ಹೊಸ ವಾಲ್ಯೂಮ್ ಗ್ರೂಪ್ (ಎಲ್‌ವಿಎಂ ಹಂಚೋ ಒಟ್ಟು ಜಾಗ), ಹೊಸ ಥಿನ್ ಪೂಲ್, ಪ್ರಾಕ್ಸ್‌ಮಾಕ್ಸ್‌ಗೆ ಬ್ಯಾರೆ ಸ್ಟೋರೇಜ್ ಅಂತ ಸೇರಸ್ರಿ. ವಿಎಂ ಓಡ್ತಿರುವಾಗಲೇ ಹಾರ್ಡ್‌ವೇರ್ ಟ್ಯಾಬ್‌ದಾಗ ಡಿಸ್ಕ್ ಆರಿಸಿ ಮೂವ್ ಸ್ಟೋರೇಜ್ ಕೊಟ್ರ ಆತು. ಸ್ನ್ಯಾಪ್‌ಶಾಟ್ ಇದ್ದ ಡಿಸ್ಕಿಗೆ ಡಿಲೀಟ್ ಸೋರ್ಸ್ ಟಿಕ್ ಒಪ್ಪಂಗಿಲ್ಲ, ಮೊದಲ ಅದನ್ನ ತಗೀರಿ. ಕಂಟೈನರ್ ಮಾತ್ರ ನಿಲ್ಲಿಸಿನ ಸರಿಸಬೇಕು, ಅದಕ್ಕ ನಿಮ್ಮ ರಾತ್ರಿ ಹೊತ್ತು ಸಾಕು. ಸರಿಸಿದ ಮ್ಯಾಲೆ ಕೆಲವೊಮ್ಮೆ ಥಿನ್ ಡಿಸ್ಕ್ ಪೂರ್ತಿ ಉಬ್ಬಿಕೊಂಡು ಕೂತಿರ್ತದ, ಇನ್ನೊಮ್ಮೆ ಟ್ರಿಮ್ ಹೊಡೀರಿ.

ಬಿಟ್ ಬಸ್ಯ:

ಗೌಡ್ರು ಹೇಳಿದ್ದು ಸರಿ, ಆದ್ರೆ ನಾಲ್ಕು 8 ಟಿಬಿ ಡಿಸ್ಕ್‌ಗೆ ದುಡ್ಡು ಕೊಡೋ ಮ್ಯಾನೇಜ್‌ಮೆಂಟ್ ಎಲ್ರಿಗೂ ಇರಲ್ಲ ಸ್ವಾಮಿ 😀 ಮೊದಲನೇ ದಾರಿ, ಅಂದ್ರೆ ಇರೋ ಅರೇಗೆ ಡಿಸ್ಕ್ ಸೇರಿಸೋದು, ಅದೂ ಮಾಡೋ ಹಾಗೇ ಇದೆ. ಮೆಗಾರೇಡಲ್ಲಿ ಆನ್‌ಲೈನ್ ಕೆಪಾಸಿಟಿ ಎಕ್ಸ್‌ಪಾನ್ಷನ್ ಇದೆ, ಕಾರ್ಡ್‌ನ ಕಮಾಂಡ್ ಟೂಲ್ ಸ್ಟಾರ್‌ಸಿಎಲ್‌ಐಲಿ ಮೈಗ್ರೇಟ್ ಕಮಾಂಡ್ ಆಡ್ ಆಪ್ಷನ್ ಜೊತೆ ಕೊಟ್ರೆ ಸರ್ವರ್ ಓಡ್ತಾ ಇರೋವಾಗ್ಲೇ ಡೇಟಾನ ಹೊಸ ಡಿಸ್ಕ್‌ಗಳ ಮೇಲೂ ಹರಡುತ್ತೆ. ಎರಡು ಡಿಸ್ಕ್ ಹಾಕ್ತೀರ ಅಂದ್ರೆ ಅದೇ ಸಲಕ್ಕೆ ರೇಡ್ 5 ರಿಂದ ರೇಡ್ 6 ಗೆ ಬದಲಾಯಿಸಿ, 6 ಡಿಸ್ಕ್ ರೇಡ್ 6 ಅಂದ್ರೆ 8 ಟಿಬಿ. ಬರೀ 2 ಟಿಬಿ ಜಾಸ್ತಿ ಆಯ್ತು ಅನ್ನಿಸ್ಬೋದು ಆದ್ರೆ ಎರಡು ಡಿಸ್ಕ್ ಹೋದ್ರೂ ಬದುಕುತ್ತೆ.

ಷರತ್ತುಗಳು ಇವೆ. ಆ ಡ್ರೈವ್ ಗ್ರೂಪಲ್ಲಿ ಒಂದೇ ವರ್ಚುವಲ್ ಡ್ರೈವ್ ಇರ್ಬೇಕು, ಎರಡಾಗಿ ಹೋಳು ಮಾಡಿದ್ರೆ ಕಾರ್ಡ್ ಒಪ್ಪಲ್ಲ. ಶುರು ಮಾಡಿದ್ಮೇಲೆ ನಡುವೆ ಕ್ಯಾನ್ಸಲ್ ಅನ್ನೋದಿಲ್ಲ. ಒಂದು ದಿನಕ್ಕೂ ಮೀರಿ ಎಳೆಯೋದು ಮಾಮೂಲು, ಅಷ್ಟು ಹೊತ್ತೂ ವಿಎಂಗಳು ಆಮೆ ಥರ ಇರ್ತವೆ. ಹಾಗಾಗಿ ಮುಂಚೇನೇ ಕನ್ಸಿಸ್ಟೆನ್ಸಿ ಚೆಕ್ (ಡೇಟಾ, ಪ್ಯಾರಿಟಿ ಹೊಂದುತ್ತಾ ಅನ್ನೋ ಪರೀಕ್ಷೆ) ಓಡಿಸಿ, ಪ್ರತಿ ಡಿಸ್ಕ್‌ದೂ ಮೀಡಿಯಾ ಎರರ್ ಕೌಂಟ್ ನೋಡಿ, ಸೊನ್ನೆ ಬಿಟ್ಟು ಬೇರೆ ಏನಿದ್ರೂ ಮೊದಲು ಆ ಡಿಸ್ಕ್ ಬದಲಾಯಿಸಿ. ಬ್ಯಾಟರಿ ಸ್ಟೇಟಸ್ ಕೂಡ ಆಪ್ಟಿಮಲ್ ಇದ್ಯಾ ನೋಡಿ, ಕರೆಂಟ್ ಹೋದ್ರೆ ಕೆಲಸ ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಮುಂದುವರಿಯೋಕೆ ಕ್ಯಾಶ್ ಉಳಿದಿರ್ಬೇಕು. ಮತ್ತೆ ಗೌಡ್ರ ರೇಡ್ 10 ಮಾಡಿದ್ರೆ ನೆನಪಿರ್ಲಿ, ಈ ಕಾರ್ಡ್‌ಗಳಲ್ಲಿ ರೇಡ್ 10 ಗೆ ಆಮೇಲೆ ಹೀಗೆ ಡಿಸ್ಕ್ ಸೇರಿಸೋಕೆ ಆಗಲ್ಲ, ಸೈಜ್ ಈಗ್ಲೇ ಯೋಚನೆ ಮಾಡಿ ತಗೊಳ್ಳಿ.

ಕಾರ್ಡ್ ಮುಗಿಸಿದ ತಕ್ಷಣ ಪ್ರಾಕ್ಸ್‌ಮಾಕ್ಸಲ್ಲಿ ಜಾಗ ಕಾಣಲ್ಲ, ಅಲ್ಲೇ ಎಲ್ರೂ ಗಾಬರಿ ಆಗೋದು. ಪದರ ಪದರವಾಗಿ ಮೇಲಕ್ಕೆ ಬರ್ಬೇಕು. ಮೊದಲು ಕರ್ನಲ್‌ಗೆ ಡಿಸ್ಕ್ ರೀಸ್ಕ್ಯಾನ್, ಆಮೇಲೆ ಪಾರ್ಟೆಡಲ್ಲಿ 3ನೇ ಪಾರ್ಟಿಷನ್ ಕೊನೆವರೆಗೂ ಎಳೀಬೇಕು (ಡೀಫಾಲ್ಟ್ ಇನ್‌ಸ್ಟಾಲಲ್ಲಿ ಎಲ್‌ವಿಎಂ ಇರೋದು ಅದ್ರಲ್ಲೇ, ಜಿಪಿಟಿ ಬ್ಯಾಕಪ್ ಟೇಬಲ್ ಕೊನೇಲಿ ಇಲ್ಲ ಸರಿ ಮಾಡ್ಲಾ ಅಂತ ಕೇಳುತ್ತೆ, ಫಿಕ್ಸ್ ಅನ್ನಿ), ಆಮೇಲೆ ಪಿವಿರೀಸೈಜ್, ಅದಾದ್ಮೇಲೆ ಎಲ್‌ವಿಎಕ್ಸ್‌ಟೆಂಡಲ್ಲಿ ಡೇಟಾ ಪೂಲ್. ಮೆಟಾಡೇಟಾನೂ ಸ್ವಲ್ಪ ಹಿಗ್ಗಿಸಿ. ನಂತರ ಬೇಕಾದ ವಿಎಂ ಡಿಸ್ಕ್ ರೀಸೈಜ್, ಕೊನೆಗೆ ಗೆಸ್ಟ್ (ಅಂದ್ರೆ ವಿಎಂ) ಒಳಗಿನ ಫೈಲ್‌ಸಿಸ್ಟಂ.

ಡಿಸ್ಕ್‌ಫುಲ್:

ತಿಮ್ಮ ಅವ್ರೇ ಡಿಸ್ಕಾರ್ಡ್ ಒಂದು ವಿಎಂಗೂ ಟಿಕ್ ಇರ್ಲಿಲ್ಲ! ರಾತ್ರಿ ಎಲ್ಲಾ ಆಫ್ ಆನ್ ಮಾಡಿ ಟ್ರಿಮ್ ಹೊಡೆದೆ, ನಾಲ್ಕೈದು ಹಳೇ ಸ್ನ್ಯಾಪ್‌ಶಾಟ್ ತೆಗೆದೆ, ಪೂಲ್ 91 ರಿಂದ 68 ಕ್ಕೆ ಬಂತು. ಮೆಟಾ 40 ರ ಆಸುಪಾಸು ಇದೆ. ಉಸಿರಾಡೋ ಹಾಗಾಯ್ತು.

ಮ್ಯಾನೇಜ್‌ಮೆಂಟ್ ಹತ್ರ ಮಾತಾಡಿದೆ, ಹೊಸ ನಾಲ್ಕು ಡಿಸ್ಕ್‌ಗೆ ಒಪ್ಪೋ ಹಾಗೆ ಕಾಣ್ತಿದೆ, ಹಾಗಾಗಿ ಗೌಡ್ರ ದಾರಿ. ಯಾವ ಥರ ಡಿಸ್ಕ್ ತಗೊಳ್ಳೋದು, ಹಳೇದ್ರ ಜೊತೆ ಹೊಂದಲೇಬೇಕಾ? ಮತ್ತೆ ಹುಡುಕ್ತಾ ಇದ್ದಾಗ ಗೊತ್ತಾಯ್ತು, ಬ್ಯಾಕಪ್ ಎಲ್ಲಾ ಹೋಗ್ತಿರೋದು ಒಂದು ಎನ್‌ಎಫ್‌ಎಸ್ ಶೇರ್‌ಗೆ (ನೆಟ್‌ವರ್ಕ್ ಫೋಲ್ಡರ್), ಆ ಶೇರ್ ಕೊಡ್ತಿರೋದು ಇದೇ ಸರ್ವರ್ ಒಳಗಿನ ಒಂದು ಫೈಲ್ ಸರ್ವರ್ ವಿಎಂ.

ಗಣಕ ಗೌಡ್ರು:

ಅಯ್ಯೋ ಶಿವನೇ, ಮನಿ ಕೀಲಿ ಮನಿಯೊಳಗ ಇಟ್ಟು ಬೀಗ ಹಾಕ್ಯಾರ. ಡಿಸ್ಕ್ ಬರೋಕಿಂತ ಮೊದಲ ಬ್ಯಾಕಪ್ ಹೊರಗ ಹಾಕ್ರಿ, ಬ್ಯಾರೆ ಮಷಿನ್ ಇಲ್ಲಂದ್ರ ಒಂದು ಯುಎಸ್‌ಬಿ ಡಿಸ್ಕ್ ಆದ್ರೂ ನಡೀತದ. ಒಂದು ವಿಎಂ ಬ್ಯಾರೆ ಐಡಿಗೆ ರಿಸ್ಟೋರ್ ಮಾಡಿ, ನೆಟ್‌ವರ್ಕ್ ಕಿತ್ತು, ಬೂಟ್ ಆಗ್ತದೇನ ನೋಡ್ರಿ.

ಡಿಸ್ಕ್ ಬಗ್ಗೆ: ಅರೇನ ಬ್ಯಾರೆ ಆದ್ದರಿಂದ ಹಳೇದಕ್ಕ ಹೊಂದಬೇಕಂತಿಲ್ಲ, ಒಂದ ಅರೇ ಒಳಗ ಮಾತ್ರ ಸ್ಯಾಸ್, ಸಾಟಾ ಎರಡೂ ಥರದ ಡಿಸ್ಕ್ ಕಲಸಬ್ಯಾಡ್ರಿ. ಎಸ್‌ಎಂಆರ್ ಡಿಸ್ಕ್ ಬ್ಯಾಡವೇ ಬ್ಯಾಡ, ಟ್ರ್ಯಾಕ್ ಒಂದರ ಮ್ಯಾಲೊಂದು ಹೊದಿಸಿರ್ತಾರ, ಸತತ ರೈಟ್ ಬಂದ್ರ ಕುಂಟ್ತಾವ, ರೀಬಿಲ್ಡ್ ಅಂದ್ರ ಸತತ ರೈಟ್ ಅಲ್ಲೇನ್ರಿ. ಡಬ್ಬಿ ಮ್ಯಾಲೆ ಬರದಿರಂಗಿಲ್ಲ, ಡೇಟಾಶೀಟ್‌ನಾಗ ಸಿಎಂಆರ್ (ಟ್ರ್ಯಾಕ್ ಹೊದಿಸದ ಥರ) ಅಂತ ಐತೇನ ನೋಡಿ ಕೊಳ್ರಿ. ಸೆಕ್ಟರ್ 512ಇ (ಒಳಗ 4ಕೆ ಇದ್ರೂ ಹೊರಗ 512 ಬೈಟ್ ಅಂತ ತೋರಿಸೋದು) ಇರೋದು ತಗೋರಿ, 4ಕೆ ನೇಟಿವ್ ಹಳೇ ಕಾರ್ಡ್‌ಗಳು ಗುರುತು ಹಿಡಿಯೋದೇ ಇಲ್ಲ.

ವಿಎಂ ವನಜ:

ನಡುವೆ ಬಾಯಿ ಹಾಕ್ತಿದೀನಿ, ನಮ್ಮಲ್ಲಿ ಇರೋದು ಇಎಸ್‌ಎಕ್ಸ್‌ಐ (ವಿಎಂವೇರ್‌ನ ಇಂಥದೇ ಸಾಫ್ಟ್‌ವೇರ್), ಪರಿಸ್ಥಿತಿ ಇದೇ. ಅಲ್ಲೂ ಹೊಸ ಅರೇ ಮಾಡಿ ಹಳೇ ಡೇಟಾಸ್ಟೋರ್‌ಗೇ (ವಿಎಂ ಇಡೋ ಜಾಗ) ಎಕ್ಸ್‌ಟೆಂಟ್, ಅಂದ್ರೆ ಇನ್ನೊಂದು ಭಾಗ ಅಂತ ಸೇರಿಸ್ಬೋದು ಅಂತ ಒಬ್ರು ಹೇಳ್ತಿದಾರೆ, ಒಂದೇ ದೊಡ್ಡ ಡೇಟಾಸ್ಟೋರ್ ಕಾಣುತ್ತಂತೆ?

ಬಿಟ್ ಬಸ್ಯ:

ಆಗುತ್ತೆ, ಮಾಡ್ಬೇಡಿ. ಎಕ್ಸ್‌ಟೆಂಟ್ ಸೇರಿಸಿದ್ರೆ ವಾಪಸ್ ತೆಗೆಯೋ ದಾರಿ ಇಲ್ಲ, ಎರಡು ಅರೇಲಿ ಒಂದು ಬಿದ್ರೆ ಅದರ ಮೇಲಿರೋ ಡೇಟಾ ಹೋಯ್ತು, ಯಾವ ವಿಎಂ ಎಲ್ಲಿದೆ ಅನ್ನೋದೂ ನಿಮ್ಮ ಕೈಲಿರಲ್ಲ. ಬೇರೆ ಡೇಟಾಸ್ಟೋರ್ ಮಾಡಿ ವಿಎಂ ಸರಿಸಿ. ಸ್ನ್ಯಾಪ್‌ಶಾಟ್ ಇರೋ ವಿಎಂ ಡಿಸ್ಕ್‌ನ ಅಲ್ಲಿ ದೊಡ್ಡದು ಮಾಡೋಕಾಗಲ್ಲ, ಆಪ್ಷನ್ ಬೂದು ಬಣ್ಣಕ್ಕೆ ತಿರುಗಿರುತ್ತೆ. ಇನ್ನು ವಿಂಡೋಸ್ ಗೆಸ್ಟಲ್ಲಿ ಸಿ ಡ್ರೈವ್ ಎಕ್ಸ್‌ಟೆಂಡ್ ಆಗ್ತಿಲ್ಲ ಅಂದ್ರೆ ಅದರ ಬಲಕ್ಕೆ ರಿಕವರಿ ಪಾರ್ಟಿಷನ್ ಅಡ್ಡ ಕೂತಿರುತ್ತೆ, ಮೊದಲು ಅದನ್ನ ದಾರಿಯಿಂದ ಸರಿಸ್ಬೇಕು.

ಥಿನ್‌ಪೂಲ್ ತಿಮ್ಮ:

@ಡಿಸ್ಕ್‌ಫುಲ್ 68 ಕ್ಕೆ ಬಂತು ಅಂತ ಸುಮ್ನಾಗ್ಬೇಡಿ, ವಿಎಂಗಳಿಗೆಲ್ಲಾ ಕೊಟ್ಟಿರೋ ಡಿಸ್ಕ್ ಸೈಜ್ ಒಟ್ಟು ಕೂಡಿಸಿ ನೋಡಿ, ಪೂಲ್‌ಗಿಂತ ಜಾಸ್ತಿ ಇದ್ದೇ ಇರುತ್ತೆ. ಹೊಸ ಪೂಲ್ ಮಾಡುವಾಗ 16 ಟಿಬಿನೂ ಅದಕ್ಕೇ ಕೊಟ್ಬಿಡ್ಬೇಡಿ, ವಾಲ್ಯೂಮ್ ಗ್ರೂಪಲ್ಲಿ ಒಂದಿಷ್ಟು ಖಾಲಿ ಬಿಡಿ. ಎಲ್‌ವಿಎಂ ಕಾನ್ಫಿಗಲ್ಲಿ ಥಿನ್ ಪೂಲ್ ಆಟೋ ಎಕ್ಸ್‌ಟೆಂಡ್ ಥ್ರೆಶೋಲ್ಡ್ ಡೀಫಾಲ್ಟ್ 100 ಇರುತ್ತೆ, ಅಂದ್ರೆ ಆಫ್. ಅದನ್ನ 80 ಮಾಡಿದ್ರೆ ಪೂಲ್ ತಾನೇ ಹಿಗ್ಗುತ್ತೆ, ಆದ್ರೆ ಗ್ರೂಪಲ್ಲಿ ಖಾಲಿ ಜಾಗ ಇದ್ರೆ ಮಾತ್ರ.

ಡಿಸ್ಕ್‌ಫುಲ್:

ಕೂಡಿಸಿ ನೋಡಿದೆ, 9 ಟಿಬಿ ಹಂಚಿದಾರೆ 😐 ಹೊಸ ಪೂಲ್‌ನ 14 ಕ್ಕೆ ನಿಲ್ಲಿಸ್ತೀನಿ. ಸದ್ಯಕ್ಕೆ ಯುಎಸ್‌ಬಿ ಡಿಸ್ಕ್‌ಗೆ ಬ್ಯಾಕಪ್ ಓಡ್ತಿದೆ.