‘ಇವ್ಯಾಲ್ಯುಯೇಟ್’ ಅನ್ನೋದಕ್ಕೆ ‘ಮೌಲ್ಯಮಾಪನ’ ಸರೀನಾ?

ಎಲ್ಲರಿಗೂ ನಮಸ್ಕಾರ,

ಮಕ್ಕಳು ಕನ್ನಡದಲ್ಲೇ ಬಳಸುವಂಥ ಒಂದು ಚಿಕ್ಕ ಕ್ಯಾಲ್ಕುಲೇಟರ್ ಪುಟ ಮಾಡುತ್ತಿದ್ದೇನೆ. ಒಳಗೆ ಲೆಕ್ಕ ಮಾಡುವುದು ಮ್ಯಾಥ್ ಜೆಎಸ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟಿರುವ ಸಿದ್ಧ ಕೋಡು. 1.2 * (2 + 4.5) ಅಂತ ಬರೆದರೆ ಅದನ್ನು ಬಿಡಿಬಿಡಿಯಾಗಿ ಓದಿ, ಯಾವುದು ಮೊದಲು ಯಾವುದು ಆಮೇಲೆ ಅಂತ ನೋಡಿಕೊಂಡು 7.8 ಅಂತ ಉತ್ತರ ಕೊಡುತ್ತದೆ. ಈ ಕೆಲಸದ ಫಂಕ್ಷನ್‌ಗೆ ಮೊದಲು ಇವ್ಯಾಲ್ ಅಂತ ಹೆಸರಿತ್ತು, 6ನೇ ಆವೃತ್ತಿಯಲ್ಲಿ ಇವ್ಯಾಲ್ಯುಯೇಟ್ ಅಂತಾಯಿತು. ನನಗೆ ತೊಡಕಾಗಿರುವುದು ಈ ಪದವೇ.

ತಪ್ಪಾದಾಗ ತೋರಿಸುವ ಸಂದೇಶಗಳನ್ನು ಯಂತ್ರಾನುವಾದಕ್ಕೆ ಕೊಟ್ಟಿದ್ದೆ. ‘ಅಭಿವ್ಯಕ್ತಿಯನ್ನು ಮೌಲ್ಯಮಾಪನ ಮಾಡಲಾಗಲಿಲ್ಲ’ ಅಂತ ಬಂತು. ಅವಸರದಲ್ಲಿ ಹಾಗೇ ಬಿಟ್ಟೆ. ಎಂಟನೇ ಕ್ಲಾಸಿನ ನಮ್ಮ ಅಕ್ಕನ ಮಗಳು 2*(3+4 ಅಂತ ಹೊಡೆದು ಕೊನೆಯ ಆವರಣ ಹಾಕುವುದನ್ನು ಮರೆತಳು. ಸಂದೇಶ ಬಂದ ಕೂಡಲೇ, ‘ಮಾಮ, ಮೌಲ್ಯಮಾಪನ ಅಂದ್ರೆ ಟೀಚರ್ ಪೇಪರ್ ತಿದ್ದೋದಲ್ವಾ?’ ಅಂದಳು. ಅವಳು ಹೇಳಿದ್ದು ಸರಿ. ಆ ಪದ ನಮ್ಮಲ್ಲಿ ಪರೀಕ್ಷೆಯ ಜೊತೆ ಗಟ್ಟಿಯಾಗಿ ಅಂಟಿಕೊಂಡಿದೆ.

ಎಕ್ಸ್‌ಪ್ರೆಶನ್ ಅನ್ನೋದಕ್ಕೆ ಯಂತ್ರ ಕೊಟ್ಟ ‘ಅಭಿವ್ಯಕ್ತಿ’ಯಂತೂ ಇಲ್ಲಿ ಬೇಡವೇ ಬೇಡ, ಅದು ಮನಸ್ಸಿನಲ್ಲಿರುವುದನ್ನು ಹೊರಗೆ ತೋರುವ ಮಾತು. ಶಾಲೆಯ ಗಣಿತದಲ್ಲಿ ಬೀಜೋಕ್ತಿ, ಬಹುಪದೋಕ್ತಿ ಅಂತ ಎಷ್ಟು ಚೆಂದದ ಪದಗಳಿವೆ ನೋಡಿ, ‘ಉಕ್ತಿ’ ಅಲ್ಲೇ ಕೂತಿದೆ. ಆದರೆ 2*(3+4) ಅನ್ನೋದರಲ್ಲಿ ಅಕ್ಷರವೇ ಇಲ್ಲ, ಬರೀ ಅಂಕಿ, ಅದನ್ನು ಬೀಜೋಕ್ತಿ ಅನ್ನಲು ಮನಸ್ಸು ಒಪ್ಪುವುದಿಲ್ಲ. ಹಾಗಾಗಿ ಸಹಾಯ ಪುಟದಲ್ಲಿ ‘ಗಣಿತೋಕ್ತಿ’ ಅಂತಲೂ, ಸಂದೇಶದಲ್ಲಿ ಸುಮ್ನೆ ‘ಲೆಕ್ಕ’ ಅಂತಲೂ ಇಡೋಣ ಅನಿಸುತ್ತಿದೆ.

ಇನ್ನು ಇವ್ಯಾಲ್ಯುಯೇಟ್. ‘ಬೆಲೆ ಕಟ್ಟು’ ಅಂದರೆ ಹಸುವಿಗೋ ಸೈಟಿಗೋ ರೇಟು ಹೇಳಿದ ಹಾಗೆ ಆಗುತ್ತದೆ. ‘ಲೆಕ್ಕ ಬಿಡಿಸು’ ನನಗೆ ತುಂಬಾ ಇಷ್ಟ, ಆದರೆ ಸಮೀಕರಣವನ್ನೂ ನಾವು ಬಿಡಿಸುತ್ತೇವೆ, ಅದು ಬೇರೆಯೇ ಕೆಲಸ. ಅದೇ ಲೈಬ್ರರಿಯಲ್ಲಿ ಸಿಂಪ್ಲಿಫೈ ಅಂತಲೂ ಒಂದಿದೆ: 2ಎಕ್ಸ್ + ಎಕ್ಸ್ ಕೊಟ್ಟರೆ 3ಎಕ್ಸ್ ಅಂತ ಚಿಕ್ಕದು ಮಾಡಿ ಕೊಡುತ್ತದೆ. ಅದಕ್ಕೆ ‘ಸಂಕ್ಷೇಪಿಸು’ ಸಾಕು. ಅಲ್ಲಿ ಎಕ್ಸ್ ಎಷ್ಟು ಅಂತ ಗೊತ್ತಿರಬೇಕಾಗಿಲ್ಲ, ಇವ್ಯಾಲ್ಯುಯೇಟ್‌ಗೆ ಗೊತ್ತಿರಲೇಬೇಕು. ಆದ್ದರಿಂದ ಈ ಎರಡೂ ಪದ ಬೇರೆ ಬೇರೆಯಾಗಿ ಕಾಣಬೇಕು.

‘ಬೆಲೆ ಕಂಡುಹಿಡಿ’ ಅನ್ನೋದು ಮಕ್ಕಳಿಗೆ ಪಾಠದಲ್ಲೇ ಪರಿಚಯ. ನನ್ನ ಒಲವು ಅದರ ಕಡೆಗೇ. ತೊಂದರೆ ಏನಂದ್ರೆ, ಈ ಲೈಬ್ರರಿಗೆ 12.7 ಸೆಂಟಿಮೀಟರನ್ನು ಇಂಚಿಗೆ ತಿರುಗಿಸು ಅಂದರೂ ಅದೇ ಫಂಕ್ಷನ್ 5 ಇಂಚು ಅನ್ನುತ್ತದೆ, 3 > 2 ಅಂತ ಕೊಟ್ಟರೆ ‘ಸರಿ’ ಅನ್ನುತ್ತದೆ. ‘ಸರಿ’ ಅನ್ನೋದನ್ನು ಬೆಲೆ ಅನ್ನಬಹುದಾ? ನನಗೆ ಕಿವಿಗೆ ಹಿತವಾಗುತ್ತಿಲ್ಲ. ಗುಂಡಿಯ ಮೇಲೆ ‘ಉತ್ತರ ತೋರಿಸು’ ಅಂತ ಹಾಕಿದರೆ ಮೂರಕ್ಕೂ ಹೊಂದುತ್ತದೆ, ಆದರೆ ಪ್ರೋಗ್ರಾಂ ಬರೆಯುವವರಿಗೆ ವಿವರಿಸುವಾಗ ಒಂದೇ ಕ್ರಿಯಾಪದ ಬೇಕಲ್ಲ!

ಇನ್ನೊಂದು ಗೊಂದಲವೂ ಇದೆ. ಲೈಬ್ರರಿ ಲೆಕ್ಕವನ್ನು ಓದುವಾಗ ಬಿಡಿಬಿಡಿಯಾಗಿ ಮಾಡಿಕೊಳ್ಳುವ ಚೂರುಗಳಿಗೆ, ಅಂದರೆ ಟೋಕನ್‌ಗಳಿಗೆ ‘ಪದ’ ಅಂತ ಬರೆದಿದ್ದೆ, ಅಳಿಸಿದೆ. ಗಣಿತದಲ್ಲಿ 3ಎಕ್ಸ್ + 5 ಅಂದರೆ ಎರಡು ಪದ, ಟೋಕನ್ ಲೆಕ್ಕದಲ್ಲಿ ನಾಲ್ಕು: 3, ಎಕ್ಸ್, +, 5. ಸದ್ಯಕ್ಕೆ ‘ತುಣುಕು’ ಅಂತ ಇಟ್ಟಿದ್ದೇನೆ.

ಆ ಮೊದಲಿನ ಸಂದೇಶವನ್ನು ಈಗ ‘ಲೆಕ್ಕ ಪೂರ್ತಿಯಾಗಿಲ್ಲ, ಕೊನೆಯಲ್ಲಿ ) ಹಾಕಿ’ ಅಂತ ಬದಲಾಯಿಸಿದ್ದೇನೆ, ಹುಡುಗಿ ಏನೂ ಕೇಳದೆ ಆವರಣ ಹಾಕಿದಳು. ಕನ್ನಡ ಮಾಧ್ಯಮದಲ್ಲಿ ಗಣಿತ ಹೇಳಿಕೊಡುವವರು ಇಲ್ಲಿ ಇದ್ದರೆ, ಬೋರ್ಡಿನ ಮುಂದೆ ನಿಂತಾಗ ಇವ್ಯಾಲ್ಯುಯೇಟ್‌ಗೆ ನಿಮ್ಮ ಬಾಯಲ್ಲಿ ಏನು ಬರುತ್ತದೆ ಅಂತ ದಯವಿಟ್ಟು ತಿಳಿಸಿ.